ನಮಸ್ಕಾರ ಮಾಡುವ ಮೀನು

ಹದ್ದುಗಳನ್ನು ಕಂಡರೆ ಕಿನುಯೊಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಮದುವೆಯಾಗಿ ಮೀನುಗಾರರ ಈ ದಕ್ಕೆಗೆ ಬಂದ ಮೊದಲ ಚಳಿಗಾಲ, ಹೆಪ್ಪುಗಟ್ಟಿದ ಸರೋವರದ ಮೇಲೆ ನಿಂತು, ಗಂಡ ತೊರಾಜಿ ಮಂಜುಗಡ್ಡೆಯ ಅಡಿಯಿಂದ ಬಲೆ ಎಳೆಯುವುದನ್ನು ನೋಡುತ್ತಿದ್ದಳು. ಮಾರುವ ಮೀನು ಪೆಟ್ಟಿಗೆಗೆ ಹೋಯಿತು. ಉಳಿದ ಪುಡಿ ಮೀನನ್ನು ಅವನು ಸುತ್ತ ಕಾದು ಕೂತಿದ್ದ ಹದ್ದುಗಳಿಗೆ ಒಂದೊಂದಾಗಿ ಎಸೆಯತೊಡಗಿದ, ಮೊಮ್ಮಕ್ಕಳಿಗೆ ಕೈತುತ್ತು ಹಾಕುವ ಅಜ್ಜಿಯ ಹಾಗೆ.

"ನಂಗೊಂದಿನ ಹಿಂಗೆ ಬಡಿಸಿದೀರಾ?" ಅಂದಿದ್ದಳು ಕಿನುಯೊ.

"ನೀನೂ ಹಾರ್ಕೊಂಡು ಬಂದು ಕೂತ್ಕೊ, ಹಾಕ್ತೀನಿ" ಅಂದಿದ್ದ ತೊರಾಜಿ.

ಆ ಮಾತಾಗಿ ಮೂವತ್ತು ಚಳಿಗಾಲಗಳ ಮೇಲಾದವು, ಜಗಳ ಮಾತ್ರ ಮುಗಿದಿರಲಿಲ್ಲ. ಬಲೆ ಎಳೆದ ಮೇಲೆ ಪುಡಿ ಮೀನನ್ನು ಹದ್ದಿಗೆ ಬಿಡುವುದು ಈ ಸರೋವರದ ಪದ್ಧತಿ, ಎಲ್ಲರೂ ಬಿಡುತ್ತಾರೆ. ತೊರಾಜಿಯದು ಮಾತ್ರ ಅತಿಯಾಯಿತು ಅನ್ನುವುದು ಅವಳ ದೂರು. ಎಸೆಯುವ ಮುಂಚೆ ಅವನು ಪ್ರತಿ ಮೀನನ್ನೂ ಎರಡು ಕೈಯಲ್ಲಿ ಹಿಡಿದು, ಬೆನ್ನುಮೂಳೆ ಲಟಕ್ಕೆನ್ನುವಂತೆ ನಡುವಿಗೆ ಬಗ್ಗಿಸುತ್ತಿದ್ದ. ನೆಟ್ಟಗಿರುವ ಮೀನು ಮಂಜುಗಡ್ಡೆಯ ಮೇಲೆ ಜಾರಿಕೊಂಡು ಹೋಗುತ್ತದೆ, ಜೋರಿರುವ ಹದ್ದುಗಳೇ ಎಲ್ಲ ಬಾಚಿಕೊಳ್ಳುತ್ತವೆ. ಬಗ್ಗಿಸಿದ್ದು ಬಿದ್ದಲ್ಲೇ ನಿಲ್ಲುತ್ತದೆ, ಮುದುಕರಿಗೂ ಒಂದು ಪಾಲು ಸಿಗುತ್ತದೆ. ಇದು ಅವನ ವಾದ. ಈ ಕೆಲಸವನ್ನು ದಕ್ಕೆಯಲ್ಲಿ ಇನ್ನೊಬ್ಬರು ಮಾಡಿದ್ದನ್ನು ಯಾರೂ ಕಂಡಿಲ್ಲ.

"ಮೀನಿನ ಕೈಲೂ ನಮಸ್ಕಾರ ಮಾಡಿಸ್ತೀರಲ್ಲ, ನಿಮಗೆ ಬೇರೆ ಕೆಲ್ಸ ಇಲ್ವಾ?" ಎಂದು ಅವಳು ರೇಗುತ್ತಿದ್ದಳು.

ಮುದುಕರು ಎಂದರೆ ಮುಖ್ಯವಾಗಿ ಒಂದು ಹದ್ದು. ಎಡ ರೆಕ್ಕೆಯಲ್ಲಿ ಗರಿ ಉದುರಿ ಕಿಂಡಿಬಿದ್ದ, ದಪ್ಪ ಹಳದಿ ಕೊಕ್ಕಿನ ಮುದಿ ಕಡಲ ಹದ್ದು. ಗುಂಪಿನಲ್ಲಿ ಕಾದಾಡಲಾರದೆ ಅದು ತೊರಾಜಿಯ ಜಾರುಬಂಡಿಯ ಪಕ್ಕಕ್ಕೇ ನಡೆದುಕೊಂಡು ಬಂದು ನಿಲ್ಲುತ್ತಿತ್ತು. ಅವನು ಅದಕ್ಕೆ 'ಮಾವ' ಎಂದು ಹೆಸರಿಟ್ಟಿದ್ದ. ಕಿನುಯೊಳ ಅಪ್ಪ ಬದುಕಿದ್ದಾಗ ಸರಿಯಾಗಿ ಊಟದ ಹೊತ್ತಿಗೆ ಬಂದು, ಉಂಡು, ಒಂದು ಮಾತೂ ಆಡದೆ ಎದ್ದು ಹೋಗುತ್ತಿದ್ದದ್ದು ನಿಜ. ನಿಜವಾದರೇನು, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹಟಕ್ಕೆ ಬಿದ್ದು ಇಷ್ಟು ವರ್ಷವೂ ಅವಳು ಒಂದೇ ಒಂದು ಮೀನನ್ನು ಹದ್ದಿಗೆ ಹಾಕಿದವಳಲ್ಲ.

ನಿನ್ನೆ ಮಧ್ಯಾಹ್ನ ತೊರಾಜಿ ಕಾಣೆಯಾದ.

ಸರೋವರ ಕಡಲಿಗೆ ಸೇರುವ ಅಳಿವೆಯ ಹತ್ತಿರ ಅವನದೊಂದು ಬಲೆ ಉಳಿದಿತ್ತು. ಚಳಿಗಾಲದ ಕೊನೆಗೆ ಅಳಿವೆಯ ಗಡ್ಡೆಯನ್ನು ನಂಬಬಾರದೆಂದು ಉಳಿದವರೆಲ್ಲ ಬಲೆ ಎತ್ತಿದ್ದರು. ಇದೊಂದು ಸಲ ಎಳೆದು ಬಿಡ್ತೀನಿ ಎಂದು ಹೋದವನು ಮೋಟಾರಿನ ಹಿಮಗಾಡಿಯನ್ನು ಗಟ್ಟಿ ಜಾಗದಲ್ಲಿ ನಿಲ್ಲಿಸಿ, ಜಾರುಬಂಡಿಯನ್ನು ಕೈಯಲ್ಲೇ ಎಳೆದುಕೊಂಡು ಮುಂದೆ ನಡೆದಿರಬೇಕು. ಅಷ್ಟರಲ್ಲಿ ಹಿಮಗಾಳಿ ಎದ್ದಿತು. ಗಾಳಿ ತಗ್ಗಿದಾಗ ಹಿಮಗಾಡಿ ಅಲ್ಲೇ ಇತ್ತು, ಅದರ ಮುಂದಿನ ಗಡ್ಡೆಯೇ ಇರಲಿಲ್ಲ. ಇಳಿತದ ನೀರು ಅದನ್ನು ಸೀಳಿ ಕಡಲಿಗೆ ಎಳೆದುಕೊಂಡು ಹೋಗಿತ್ತು. ಕಿನುಯೊ ಫೋನು ಮಾಡಿದರೆ ಅವನ ಫೋನು ಅವಳ ಬೆನ್ನ ಹಿಂದೆ, ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಹೊಡೆದುಕೊಂಡಿತು.

ಬೆಳಕು ಹರಿಯುತ್ತಲೇ ತೊರಾಜಿಯ ತಮ್ಮ ಶಿಗೆಜೊ ಎರಡು ದೋಣಿ ಹೊರಡಿಸಿದ. ಗಾಳಿ ಬೀಸಿದ ಕಡೆಗೆ, ಅಂದರೆ ಬಡಗಲಿಗೆ ಹೋಗಿರಬೇಕೆಂದು ಅವನ ಅಂದಾಜು. ಕಡಲ ಮೇಲೆ ನೀರಾವಿ ದಟ್ಟವಾಗಿ ಎದ್ದು ಎರಡಾಳೆತ್ತರಕ್ಕೆ ನಿಂತಿತ್ತು. ಅದರ ಮೇಲೆ ಆಕಾಶ ತೊಳೆದಿಟ್ಟಂತೆ ನೀಲಿಯಾಗಿತ್ತು, ಕೆಳಗೆ ಕೈಚಾಚಿದರೆ ಕೈ ಕಾಣದು. ಹೆಲಿಕಾಪ್ಟರು ಬಂದರೂ ಪ್ರಯೋಜನವಿಲ್ಲವೆಂದು ಕರಾವಳಿ ಕಾವಲಿನವರು ಹೇಳಿಕಳಿಸಿದ್ದರು. ಶಿಗೆಜೊ ಹೊರಡುವಾಗ ಅತ್ತಿಗೆಯ ಕೈಗೆ ಒಂದು ಸಣ್ಣ ವೈರ್‌ಲೆಸ್ ಕೊಟ್ಟಿದ್ದ.

"ಮನೇಲಿ ಕೂತ್ಕೊಳ್ಳಿ ಅಂದ್ರೆ ಕೂರೋರಲ್ಲ ನೀವು. ಇಲ್ಲೇ ಇರಿ, ಏನಾದ್ರೂ ಕಂಡ್ರೆ ಹೇಳಿ" ಅಂದಿದ್ದ.

ದಕ್ಕೆಯ ತುದಿಯಲ್ಲಿ ಡ್ರಮ್ಮಿನೊಳಗೆ ಬೆಂಕಿ ಹಾಕಿಕೊಂಡು ಹೆಂಗಸರು ನಿಂತಿದ್ದರು. ಯಾರೋ ಕಿನುಯೊಳ ಕೈಗೆ ಅನ್ನದ ಉಂಡೆ ಇಟ್ಟರು. ಅದು ಅವಳ ಕೈಯಲ್ಲೇ ಕಲ್ಲಾಯಿತು. ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಆ ಬಿಳಿ ಆವಿಯನ್ನು ನೋಡುತ್ತಿದ್ದಳು. ಅದರೊಳಗಿಂದ ಗಂಡ ಬಂಡಿ ಎಳೆದುಕೊಂಡು ಬಂದು, "ಏನೇ, ಊರನ್ನೆಲ್ಲ ಕೂಡಿಸಿದೀಯ" ಅಂದುಬಿಟ್ಟರೆ ಜನ್ಮದಲ್ಲಿ ಇನ್ನು ಅವನೊಂದಿಗೆ ಜಗಳವಾಡುವುದಿಲ್ಲವೆಂದು ಮನೆಯ ಬುದ್ಧನಿಗೂ ಸತ್ತ ಅಪ್ಪನಿಗೂ ಮಾತು ಕೊಟ್ಟಳು.

ಆಗ ಹದ್ದುಗಳು ಎದ್ದವು.

ದಕ್ಕೆಯ ದೀಪದ ಕಂಬಗಳ ಮೇಲೆ, ಮುರಿದ ದೋಣಿಗಳ ಮೇಲೆ ತಲೆ ತಗ್ಗಿಸಿ ಕೂತಿದ್ದವು ಒಂದೊಂದಾಗಿ ರೆಕ್ಕೆ ಬಿಚ್ಚಿ ಮೂಡಲಿಗೆ ಹೊರಟವು. ಬಡಗಲಿಗಲ್ಲ. ಅಳಿವೆಯ ಕೆಂಪು ದೀಪಸ್ತಂಭದ ಆಚೆ, ಆವಿಯ ಮೇಲೆ ಕಪ್ಪು ಚುಕ್ಕೆಗಳಾಗಿ ಸುತ್ತತೊಡಗಿದವು. ಒಂದು ಆವಿಯೊಳಗೆ ಧುಮುಕಿತು. ಇನ್ನೊಂದು ಧುಮುಕಿತು. ಸರೋವರದ ಆ ದಡದಿಂದಲೂ ಸಾಲುಗಟ್ಟಿ ಬಂದು ಸೇರಿಕೊಂಡವು.

ಹದ್ದು ಗುಂಪುಗೂಡುವುದು ತಿನ್ನಲಿಕ್ಕೆ. ಅಲ್ಲಿ ತಿನ್ನುವಂಥದ್ದು ಏನಿದೆ ಎಂದು ಯಾರೂ ಕೇಳಲಿಲ್ಲ.

ಕಿನುಯೊ ಗುಂಡಿ ಒತ್ತಿದಳು. "ಶಿಗೆಜೊ. ಕೆಂಪು ದೀಪದಾಚೆ ಹದ್ದು ಸೇರ್ತಿದಾವೆ."

ಗರಗರ ಸದ್ದಿನೊಳಗಿಂದ ಶಿಗೆಜೊನ ದನಿ ಬಂತು. "ಎಷ್ಟು?"

"ಎಲ್ಲಾ."

"ನಾವು ತುಂಬಾ ದೂರ ಬಂದಿದೀವಿ ಅತ್ತಿಗೆ. ಗಡ್ಡೆ ಒಡ್ಕೊಂಡು ಬರ್ಬೇಕು, ಹೊತ್ತಾಗತ್ತೆ. ಹದ್ದನ್ನೇ ಗುರಿ ಇಟ್ಕೊಂಡು ಬರ್ತೀನಿ." ಕೊನೆಗೆ, "ನೀವು ಆ ಕಡೆ ನೋಡ್ಬೇಡಿ" ಅಂದ.

ನೋಡಬೇಡಿ ಅಂದರೆ ಕಣ್ಣು ಕೇಳುತ್ತದೆಯೇ? ಅವಳ ಕಣ್ಣ ಮುಂದೆ ಬಂದದ್ದು ಬೇರೆಯದೇ. ಪಕ್ಕದಲ್ಲಿ ನಿಂತಿದ್ದ ಹತ್ಸು ಅಜ್ಜಿಯ ಎರಡನೆಯ ಮಗನನ್ನು ಹಿಂದೊಂದು ವರ್ಷ ದೋಣಿಗಳಿಗಿಂತ ಮೊದಲು ಹದ್ದುಗಳೇ ಕಂಡುಕೊಂಡಿದ್ದವು. ಅವನನ್ನು ತಂದ ಪೆಟ್ಟಿಗೆಯ ಮುಚ್ಚಳ ತೆಗೆಯಲು ಹೆತ್ತ ತಾಯಿಗೂ ಬಿಟ್ಟಿರಲಿಲ್ಲ. ಆಗಿನಿಂದ ಈ ದಕ್ಕೆಯ ಹೆಂಗಸರಲ್ಲಿ ಒಂದು ನಡೆ ಬಂದಿದೆ: ಗಂಡಸು ಕಾಣೆಯಾದರೆ, ಅವನು ಸಿಗುವವರೆಗೂ ದಕ್ಕೆಯಲ್ಲಿ ಹದ್ದುಗಳಿಗೆ ಹೊಟ್ಟೆ ತುಂಬ ಹಾಕುತ್ತಲೇ ಇರುವುದು. ಉಂಡ ಹದ್ದು ಅವನನ್ನು ಮುಟ್ಟದಿರಲಿ ಅಂತ.

ಹತ್ಸು ಅಜ್ಜಿ ಅವಳ ಮೊಣಕೈ ಹಿಡಿದಳು. "ಬೆಳಿಗ್ಗೇನೇ ಹೇಳ್ಬೇಕಿತ್ತು, ನಿನ್ನ ಮುಖ ನೋಡಿ ಬಾಯಿ ಬರ್ಲಿಲ್ಲ. ದೋಣಿ ಬರೋಗಂಟ ಕಾಯ್ಬೇಡ ತಾಯಿ. ಕರಿ ಅವನ್ನ. ಮುಖವಾದ್ರೂ ಉಳೀಲಿ."

ಮುಖ ಎಂಬ ಮಾತು ಕೇಳಿದ್ದೇ ಕಿನುಯೊಗೆ ತೊರಾಜಿಯ ಮುಖ ಎದುರಿಗೆ ಬಂತು. ಆ ಮುಖದ ಮೇಲೆ ಎಡಗಡೆ ಹುಬ್ಬಿನಲ್ಲಿ ಒಂದು ಗಾಯದ ಗೆರೆ ಇದೆ, ನಗುವಾಗ ಅದು ಮೇಲೇರುತ್ತದೆ. ಅವಳು ಮೀನು ಇಡುವ ಕೊಟ್ಟಿಗೆಗೆ ಓಡಿದಳು. ಅಲ್ಲಿದ್ದದ್ದು ಪುಡಿ ಮೀನಲ್ಲ, ಇವತ್ತಿನ ಹರಾಜಿಗೆಂದು ತೊರಾಜಿ ಮೊನ್ನೆ ಆರಿಸಿಟ್ಟ ಹೆರಿಂಗು, ಹೊಟ್ಟೆ ತುಂಬ ಮೊಟ್ಟೆಯಿದ್ದ ಒಳ್ಳೊಳ್ಳೆಯ ಮೀನು. ಎರಡು ಪೆಟ್ಟಿಗೆಗಳನ್ನೂ ಗಡ್ಡೆಯ ಮೇಲಕ್ಕೆ ಎಳೆದು ತಂದಳು. ಎಸೆಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಬೊಗಸೆ ಬೊಗಸೆಯಾಗಿ ಸುರಿದಳು, ಪೆಟ್ಟಿಗೆ ಎತ್ತಿ ಬೋರಲು ಹಾಕಿದಳು, ಖಾಲಿ ಪೆಟ್ಟಿಗೆಯನ್ನು ಕೋಲಿನಿಂದ ಬಡಿದಳು.

"ಬನ್ನಿ, ತಿನ್ನಿ. ಇಲ್ಲಿ ತಿನ್ನಿ. ಅವರನ್ನ ಬಿಟ್ಬಿಡಿ" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು.

ಹದ್ದಿನ ಕಣ್ಣಿಗೆ ಅಷ್ಟು ಮೀನು ಕಾಣದಿರುತ್ತದೆಯೇ? ಮೊದಲು ಒಂದು ತಿರುಗಿತು. ಆಮೇಲೆ ನಾಲ್ಕು. ಆಮೇಲೆ ಗುಂಪಿಗೆ ಗುಂಪೇ ಕೆಂಪು ದೀಪವನ್ನು ಬಿಟ್ಟು ದಕ್ಕೆಯ ಕಡೆಗೆ ಬಂತು. ಬಾಗಿಲಗಲದ ರೆಕ್ಕೆಗಳು ಅವಳ ತಲೆಯ ಮೇಲೇ ಹಾದು ಇಳಿದವು. ಕೊಕ್ಕಿಗೆ ಕೊಕ್ಕು ತಾಗಿಸಿ, ಒಂದರ ಬಾಯಿಂದ ಒಂದು ಕಿತ್ತುಕೊಂಡವು, ಹೆರಿಂಗಿನ ಮೊಟ್ಟೆ ಗಡ್ಡೆಯ ಮೇಲೆಲ್ಲ ಹಳದಿಯಾಗಿ ಚೆಲ್ಲಿತು. ಕೆಂಪು ದೀಪದಾಚೆಯ ಆಕಾಶ ಖಾಲಿಯಾಯಿತು. ಕಿನುಯೊ ಗಡ್ಡೆಯ ಮೇಲೇ ಕುಸಿದು ಕೂತು, ಅಂತೂ ಅವನಿಗೊಂದು ಉಪಕಾರ ಮಾಡಿದೆ ಅಂದುಕೊಂಡಳು. ಅಳು ಆಗ ಬಂತು, ನಿನ್ನೆಯಿಂದ ಬಾರದಿದ್ದ ಅಳು.

ವೈರ್‌ಲೆಸ್ ಕರೆಯಿತು. "ಅತ್ತಿಗೆ, ಹದ್ದು ಎಲ್ಲಿ? ದೋಣಿ ಮಾಡಿನ ಮೇಲೆ ಹತ್ತಿ ನಿಂತಿದೀನಿ, ಆ ಕಡೆ ಒಂದೂ ಕಾಣ್ತಿಲ್ಲ."

"ಕರ್ದೆ ಇಲ್ಲಿಗೆ. ಬೇಗ ಹೋಗಿ ಎತ್ಕೊಂಡ್ ಬಾ ನಿಮ್ಮಣ್ಣನ್ನ."

"ಕರ್ದ್ರಾ?" ಶಿಗೆಜೊನ ದನಿ ಏರಿತು. "ಅದೇ ಗುರಿ ಇಟ್ಕೊಂಡು ಬರ್ತಿದ್ನಲ್ಲ. ಈ ಆವೀಲಿ ಎಲ್ಲಿ ಅಂತ ಹುಡುಕ್ಲಿ?"

ಅವಳು ಉತ್ತರ ಹೇಳುವ ಮೊದಲೇ, ತಡವಾಗಿ ಬಂದ ಒಂದು ಎಳೆ ಹದ್ದು ಅವಳ ಮುಂದೆ ಇಳಿಯಿತು. ಅದರ ಉಗುರಿನಲ್ಲಿ ಆಗಲೇ ಒಂದು ಮೀನಿತ್ತು. ಇಲ್ಲಿನ ದೊಡ್ಡ ಹೆರಿಂಗು ಕಂಡದ್ದೇ ಅದನ್ನು ಬಿಸಾಡಿ ರಾಶಿಯ ಮೇಲೆ ಹಾರಿತು. ಬಿಸಾಡಿದ ಮೀನು ಗಡ್ಡೆಯ ಮೇಲೆ ಬಿದ್ದು ಜಾರಲಿಲ್ಲ. ಬಿದ್ದಲ್ಲೇ ನಿಂತಿತು.

ಕೊಮಾಯಿ ಎಂಬ ಪುಡಿ ಮೀನು. ನಡುವಿಗೆ ಬಗ್ಗಿ ನಮಸ್ಕಾರ ಮಾಡುತ್ತಿತ್ತು.

ಕಿನುಯೊ ಅದನ್ನು ಎತ್ತಿಕೊಂಡಳು. ನಿನ್ನೆಯದಿರಬಹುದು, ಹಿಮದಲ್ಲಿ ಹೂತಿದ್ದನ್ನು ಕೆದಕಿ ತಂದಿರಬಹುದು ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಕೈಗವಸು ಕಚ್ಚಿ ಎಳೆದು ಬರಿಗೈಯಲ್ಲಿ ಒತ್ತಿದಳು. ಈ ಚಳಿಯಲ್ಲಿ ಗಡ್ಡೆಯ ಮೇಲೆ ಬಿದ್ದ ಮೀನು ಒಂದು ಲೋಟ ಟೀ ಕುಡಿದು ಮುಗಿಸುವಷ್ಟರಲ್ಲಿ ಕಟ್ಟಿಗೆಯಾಗುತ್ತದೆ. ಇದರ ಹೊಟ್ಟೆ ಮೆತ್ತಗಿತ್ತು. ಜಾರುಬಂಡಿಯಲ್ಲಿನ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಹೆಪ್ಪುಗಟ್ಟದೆ ಉಳಿದ ಮೀನನ್ನು ಯಾರೋ ಈಗಷ್ಟೇ ಹೊರಗೆ ತೆಗೆದು, ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದ್ದರು. ಯಾರೋ ಏನು, ಅದನ್ನು ಮಾಡುವ ಮನುಷ್ಯ ಈ ಕಡಲಲ್ಲೆಲ್ಲ ಒಬ್ಬನೇ.

ಆಗ ಅವಳಿಗೆ ನೋಡಿಯೂ ನೋಡದೆ ಹೋದದ್ದೆಲ್ಲ ಕಣ್ಣಿಗೆ ಕಟ್ಟಿತು. ಹೆಣದ ಮೇಲೆ ಇಳಿದ ಹದ್ದು ಅಲ್ಲೇ ಊರುತ್ತದೆ, ಓಡಿಸಿದರೂ ಏಳುವುದಿಲ್ಲ. ಕೆಂಪು ದೀಪದಾಚೆ ಅವು ಒಂದೊಂದಾಗಿ ಇಳಿದು ಒಂದೊಂದಾಗಿ ಏಳುತ್ತಿದ್ದವು, ಯಾರೋ ಒಂದೊಂದೇ ಮೀನು ಎಸೆಯುತ್ತಿರುವ ಹಾಗೆ. ತೊರಾಜಿ ಹದ್ದುಗಳನ್ನು ಬಾವುಟವಾಗಿ ಹಾರಿಸುತ್ತಿದ್ದ. ನಾನಿಲ್ಲಿದ್ದೇನೆ, ನೋಡಿ ಎಂದು ಕರೆಯುತ್ತಿದ್ದ. ಆ ಬಾವುಟವನ್ನು ಕಟ್ಟಿಕೊಂಡ ಹೆಂಡತಿಯೇ ಕಿತ್ತು ತಂದಿದ್ದಳು.

"ಶಿಗೆಜೊ, ಬದುಕಿದಾರೆ. ಮೀನು ಹಾಕ್ತಿದ್ದವರು ಅವರೇ. ನಾನು... ನಾನು ಹಾಳು ಮಾಡ್ದೆ." ಅವಳು ಆಗಲೇ ರಾಶಿಯ ಕಡೆ ಓಡುತ್ತಿದ್ದಳು. "ವಾಪಸ್ ಕಳಿಸ್ತೀನಿ, ಈಗ್ಲೇ ಕಳಿಸ್ತೀನಿ."

ಕರೆಯುವುದು ಸುಲಭವಾಗಿತ್ತು, ಕಳಿಸುವುದು ಹೇಗೆ? ಅವಳು ಹದ್ದುಗಳ ನಡುವೆ ನುಗ್ಗಿ ಮೀನನ್ನು ಬಾಚಿ ಬಾಚಿ ಪೆಟ್ಟಿಗೆಗೆ ತುಂಬತೊಡಗಿದಳು. ಒಂದು ಹದ್ದು ಬಿಡದೆ ಅವಳ ಮುಂಗೈ ಸೀಳಿತು. ಅವಳಿಗೆ ತಲೆ ಕೆಟ್ಟಿತೆಂದು ಹೆಂಗಸರು ಓಡಿಬಂದರು.

"ಏ, ಬಿಡೇ ಮಗಳೇ. ತಿನ್ಲಿ ಬಿಡು, ನಿನ್ನ ಗಂಡನ್ನ ಕಾಯೋಕೆ ತಾನೇ ಹಾಕಿದ್ದು" ಎಂದು ಹತ್ಸು ಅಜ್ಜಿ ಎಳೆದಳು.

"ಅಜ್ಜಿ, ಅವರು ಸತ್ತಿಲ್ಲ. ನೋಡಿಲ್ಲಿ. ಮೆತ್ತಗಿದೆ, ನೋಡಿ, ಮುಟ್ಟಿ ನೋಡಿ." ಕಿನುಯೊ ಆ ಮೀನನ್ನು ಅಜ್ಜಿಯ ಕೈಗೆ ತುರುಕಿದಳು.

ಹತ್ಸು ಅಜ್ಜಿ ಒತ್ತಿ ನೋಡಿದಳು. ಬಗ್ಗಿಸಿದ ಮೀನು ಯಾರದೆಂದು ಅವಳಿಗೂ ಗೊತ್ತು. "ಅಯ್ಯೋ, ನಾನೇ ಹೇಳ್ಕೊಟ್ನಲ್ಲ" ಅಂದಳು, ಅಷ್ಟೇ. ತನ್ನ ಶಾಲು ಕಿತ್ತು ಮೀನಿನ ರಾಶಿಯ ಮೇಲೆ ಹಾಸಿ ಅದರ ಮೇಲೆ ತಾನೇ ಬಿದ್ದುಕೊಂಡಳು.

ಎಲ್ಲರೂ ಸೇರಿ ಸಲಿಕೆಯಿಂದ ಹಿಮ ಎಳೆದು ಮುಚ್ಚಿದರು, ತಗಡು ಬಡಿದು ಓಡಿಸಿದರು. ಹದ್ದುಗಳು ಎದ್ದವು. ಎದ್ದು, ಒಂದು ಸುತ್ತು ಹೊಡೆದು, ಮತ್ತೆ ದೀಪದ ಕಂಬಗಳ ಮೇಲೆ, ಮುರಿದ ದೋಣಿಗಳ ಮೇಲೆ ಕೂತವು. ಹೊಟ್ಟೆ ತುಂಬಿತ್ತು. ಕೊಕ್ಕು ಒರೆಸಿಕೊಳ್ಳುತ್ತಿದ್ದವು. ಮೂಡಲ ಕಡೆ ತಲೆ ಕೂಡ ತಿರುಗಿಸಲಿಲ್ಲ.

"ಹೋಗ್ರೋ, ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ" ಎಂದು ಕಿನುಯೊ ಕೈ ಮುಗಿದಳು. ಮೂವತ್ತು ವರ್ಷ ಶಾಪ ಹಾಕಿದ ಬಾಯಿಂದಲೇ ಬೇಡಿದಳು. ಅವು ಕದಲಲಿಲ್ಲ.

ಅಲ್ಲಿ, ಗಡ್ಡೆಯ ಮೇಲೆ, ಅವನು ಈಗ ಏನು ಅಂದುಕೊಳ್ಳುತ್ತಿರಬಹುದು? ಸ್ವಲ್ಪ ಹೊತ್ತಿನ ಹಿಂದೆ ತಲೆಯ ಮೇಲೆ ಇಡೀ ಸರೋವರದ ಹದ್ದುಗಳಿದ್ದವು. ಈಗ ಆಕಾಶ ಬರಿದು. ಇನ್ನೂ ಎಷ್ಟು ಮೀನು ಉಳಿದಿದೆಯೋ, ಇದ್ದರೂ ಯಾರಿಗೆ ಎಸೆಯಬೇಕು? ಅವಳು ಕಂಬದಿಂದ ಕಂಬಕ್ಕೆ ಹುಚ್ಚಿಯಂತೆ ನೋಡುತ್ತ ಓಡಿದಳು. ನೋಡುತ್ತ ನೋಡುತ್ತ ಅವಳಿಗೆ ಒಂದು ಕೊರತೆ ಕಂಡಿತು. ಬಿಳಿ ಭುಜದವು ಇದ್ದವು, ಕಂದು ಬಣ್ಣದವು ಇದ್ದವು, ಎಳೆಯವು ಇದ್ದವು. ಕಿಂಡಿಬಿದ್ದ ರೆಕ್ಕೆಯದು ಮಾತ್ರ ಎಲ್ಲೂ ಇರಲಿಲ್ಲ.

ಗುಂಪಿಗೆ ಬರುವ ಜೀವವೇ ಅಲ್ಲ ಅದು. ನೂಕುನುಗ್ಗಲಿನಲ್ಲಿ ತನಗೆ ಏನೂ ಸಿಗುವುದಿಲ್ಲವೆಂದು ಗೊತ್ತಿರುವ ಮುದುಕ. ಎಲ್ಲ ಎದ್ದು ಹೋದರೂ ಬಂಡಿಯ ಪಕ್ಕ ಬಿಟ್ಟು ಹೋಗಿರಲಾರದು. ಆದರೆ ಅದು ನೆಲಕ್ಕೆ ಕೂತಿದ್ದರೆ ಆವಿಯೊಳಗೆ ಯಾರಿಗೆ ಕಾಣಬೇಕು?

"ಶಿಗೆಜೊ, ಗುಂಪು ನೋಡ್ಬೇಡ. ಒಂದೇ ಒಂದು ಹದ್ದು ನೋಡು. ಮಾವ ಅಲ್ಲೇ ಇದಾನೆ. ಕೆಂಪು ದೀಪದಿಂದ ನೇರ ಆಚೆಗೆ ಹೋಗಿ ಹಾರನ್ ಹೊಡಿ. ಹೊಡೀತಾನೇ ಇರು. ಎದ್ದೇ ಏಳ್ತಾನೆ."

"ಎದ್ದಿಲ್ಲ ಅಂದ್ರೆ?"

"ಹೊಡಿ ಅಂದ್ನಲ್ಲ."

ದೋಣಿಯ ಹಾರನ್ನು ಆವಿಯೊಳಗಿಂದ ಕೇಳತೊಡಗಿತು. ಹತ್ತಿರವಾಯಿತು, ದೂರವಾಯಿತು, ಮತ್ತೆ ಹತ್ತಿರವಾಯಿತು. ಹೆಂಗಸರೆಲ್ಲ ದಕ್ಕೆಯ ತುದಿಯಲ್ಲಿ ಕಿವಿಗೊಟ್ಟು ನಿಂತಿದ್ದರು. ಸತ್ತವನ ಮುಖ ಉಳಿಸಲು ಹೋಗಿ ಬದುಕಿದ್ದವನನ್ನು ಕಳೆದುಕೊಂಡೆ ಎಂಬ ಒಂದೇ ಮಾತು ಕಿನುಯೊಳ ತಲೆಯೊಳಗೆ ಸುತ್ತುತ್ತಿತ್ತು. ಆಮೇಲೆ, ಕೆಂಪು ದೀಪದಿಂದ ಅವಳು ಹೇಳಿದ್ದಕ್ಕಿಂತ ಬಹಳ ತೆಂಕಲಿಗೆ, ಆವಿಯನ್ನು ಬಿಟ್ಟು ಒಂದು ಕಪ್ಪು ಚುಕ್ಕೆ ಮೇಲೆದ್ದಿತು. ಸೋಮಾರಿಯಂತೆ ನಾಲ್ಕು ಸಲ ರೆಕ್ಕೆ ಬಡಿದು ಅಲ್ಲೇ ಮತ್ತೆ ಇಳಿಯಿತು.

"ಕಂಡೆ" ಅಂದ ಶಿಗೆಜೊ.

ದೋಣಿ ದಕ್ಕೆಗೆ ಬಂದಾಗ ತೊರಾಜಿ ಕಂಬಳಿಗಳ ನಡುವೆ ಮಲಗಿದ್ದ. ಕೈಬೆರಳುಗಳು ಮೇಣದ ಹಾಗೆ ಬೆಳ್ಳಗಿದ್ದವು. ಮೀನು ಬಗ್ಗಿಸಲು ಕೈಗವಸು ಬಿಚ್ಚಿದವನಿಗೆ ಮತ್ತೆ ಹಾಕಿಕೊಳ್ಳಲಾಗದೆ ಹೋಗಿತ್ತು.

"ಹದ್ದು ಅಣ್ಣನ ಎದೆ ಹತ್ರಾನೇ ಕೂತಿತ್ತು" ಎಂದು ಶಿಗೆಜೊ ಮೆಲ್ಲಗೆ ಹೇಳಿದ. "ಕಾಯ್ತಿತ್ತು. ಯಾತಕ್ಕೆ ಅಂತ ಕೇಳ್ಬೇಡಿ ಅತ್ತಿಗೆ."

ಆಂಬುಲೆನ್ಸಿನಲ್ಲಿ ಕಿನುಯೊ ಅವನ ಪಕ್ಕ ಕೂತಳು. ನಿದ್ದೆ ಹೋಗಲು ಬಿಡಬೇಡಿ, ಮಾತಾಡಿಸುತ್ತಿರಿ ಎಂದು ಆಂಬುಲೆನ್ಸಿನವರು ಹೇಳಿದ್ದರು. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಅವನೇ ಕಣ್ಣು ಬಿಟ್ಟ.

"ಎಲ್ಲಾ ಬಂದಿದ್ವು ಕಣೇ" ಅಂದ. ಮಾತು ತೊದಲುತ್ತಿತ್ತು. "ಇನ್ನೇನು ಯಾರಾದ್ರೂ ನೋಡ್ತಾರೆ ಅಂತ... ಒಂದೇ ಸಲಕ್ಕೆ ಎದ್ದು ಹೋದ್ವು. ಯಾಕೆ ಹೋದ್ವು? ಮಾವ ಒಬ್ರು ಉಳ್ಕೊಂಡ್ರು. ಇನ್ಯಾರೂ ಬರಲ್ಲ ಅನ್ಕೊಂಡು ಮಲಗ್ಬಿಟ್ಟೆ."

ಗೊತ್ತಿಲ್ಲ ಅನ್ನಬಹುದಿತ್ತು. ಆ ಬೆಳ್ಳಗಿನ ಬೆರಳುಗಳನ್ನು ನೋಡುತ್ತ ಅವಳಿಗೆ ಹಾಗೆ ಅನ್ನಲು ಆಗಲಿಲ್ಲ.

"ನಾನು ಕರ್ದೆ" ಅಂದಳು. "ನೀವು ಹೋಗ್ಬಿಟ್ರಿ ಅನ್ಕೊಂಡೆ. ಮೀನು ಹಾಕಿ ನಾನೇ ಕರ್ದೆ."

ಅವನು ಅವಳನ್ನೇ ನೋಡಿದ. "ನೀನು? ಹದ್ದಿಗೆ?"

"ಹೂಂ. ಹೆರಿಂಗು. ಎರಡು ಪೆಟ್ಟಿಗೇನೂ."

ಎಡ ಹುಬ್ಬಿನ ಗೆರೆ ಒಂದಿಷ್ಟೇ ಮೇಲೇರಿತು. "ಸುಳ್ಳು" ಅಂದ ತೊರಾಜಿ. ಆಮೇಲೆ ಕಣ್ಣು ಮುಚ್ಚಿದ.

"ಕಣ್ಣು ಬಿಡಿ. ರೀ, ಕಣ್ಣು ಬಿಡಿ ಅಂದೆ." ಅವಳು ಅವನ ಕೆನ್ನೆ ತಟ್ಟಿದಳು. ಒಳ್ಳೆಯ ಮಾತು ಯಾವುದೂ ಬಾಯಿಗೆ ಬರಲಿಲ್ಲ, ಬಂದದ್ದು ಬೈಗುಳವೇ. ಅಳಿವೆಗೆ ಹೋಗಬೇಡಿ ಅಂದಿದ್ದೆನೋ ಇಲ್ಲವೋ ಎಂದು ಬೈದಳು. ಅಕ್ಕಿ ಡಬ್ಬದ ಮೇಲೆ ಫೋನು ಬಿಟ್ಟು ಹೋದದ್ದಕ್ಕೆ ಬೈದಳು, ತನ್ನ ಅಪ್ಪನನ್ನು ಅಣಕಿಸಿ ಒಂದು ಹಕ್ಕಿಗೆ ಮಾವ ಎಂದು ಹೆಸರಿಟ್ಟದ್ದಕ್ಕೆ ಬೈದಳು, ಮದುವೆಯಾದ ಮೊದಲ ಚಳಿಗಾಲದಿಂದ ಶುರುಮಾಡಿ ಒಂದೂ ಬಿಡದೆ ಎತ್ತಿ ಆಡಿದಳು. ಪ್ರತಿ ಮಾತಿಗೂ ಅವನು ಕಣ್ಣು ಮುಚ್ಚಿಕೊಂಡೇ "ಹೂಂ" ಅನ್ನುತ್ತಿದ್ದ. ಒಂದು ಹೂಂ ಇನ್ನೊಂದಕ್ಕಿಂತ ತಡವಾಗಿ ಬರುತ್ತಿತ್ತು. ಆಸ್ಪತ್ರೆ ಇನ್ನೂ ದೂರವಿತ್ತು. ಅವಳು ಬೈಯುವುದನ್ನು ನಿಲ್ಲಿಸಲಿಲ್ಲ.